ಕೆಳ ದರ್ಜೆಯ ಡಿಫೆಂಡರ್‌ನ ಎರಡನೆಯ ಬದುಕು: ‘ಫುಟ್‌ಬಾಲ್ ಮ್ಯಾನೇಜರ್ 2024’ ಆಡಿದ ಮೇಲೆ

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕುಳಿತು ಬೆಂಗಳೂರು ಎಫ್‌ಸಿಯ ಮೊಟ್ಟಮೊದಲ ಲೀಗ್ ಪಂದ್ಯವನ್ನು ನೋಡಿದವರಲ್ಲಿ ನಾನೂ ಒಬ್ಬ. ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್. ಪಂದ್ಯ 1–1ರ ಸಮಬಲದಲ್ಲಿ ಮುಗಿಯಿತು. ಎಲ್ಲರ ಕಣ್ಣೂ ಸುನಿಲ್ ಛೆಟ್ರಿಯ ಮೇಲಿದ್ದಾಗ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಗೆರೆಯಂಚಿನಲ್ಲಿ ನಿಂತಿದ್ದ ಕೋಚ್‌ನತ್ತ ಕೈತೋರಿಸಿ, ಈತ ಯಾರು, ಎಲ್ಲಿ ಆಡಿದವನು ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಹೆಸರು ಆ್ಯಶ್ಲಿ ವೆಸ್ಟ್‌ವುಡ್, ವಯಸ್ಸು 37, ಹಿಂದಿನ ಸಾಲಿನ ಡಿಫೆಂಡರ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಅಲ್ಲಿ ಹಿರಿಯರ ತಂಡದ ಬಾಗಿಲು ತೆರೆಯದೆ 1995ರಲ್ಲಿ ಕ್ರೂ ಅಲೆಕ್ಸಾಂಡ್ರಕ್ಕೆ ಬಂದವರು. ಬ್ರಾಡ್‌ಫರ್ಡ್ ಸಿಟಿಯಲ್ಲಿದ್ದಾಗ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ನ ಗಾಳಿಯನ್ನು ಸ್ವಲ್ಪ ಕಾಲ ಕಂಡು, ಆಮೇಲೆ ಶೆಫೀಲ್ಡ್ ವೆನ್ಸ್‌ಡೇ, ನಾರ್ತಾಂಪ್ಟನ್, ಚೆಸ್ಟರ್, ಸ್ವಿಂಡನ್, ರೆಕ್ಸಮ್ ಎಂದು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ ಆಡುವುದನ್ನು ಮುಗಿಸಿದವರು. ಭಾರತಕ್ಕೆ ಬರುವ ಮುನ್ನ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಕೋಚಿಂಗ್ ಸಿಬ್ಬಂದಿಯಲ್ಲಿದ್ದರು. (ಇದೇ ಹೆಸರಿನ, ಇದೇ ಕ್ರೂ ಕ್ಲಬ್ಬಿನಿಂದ ಬಂದ, 1990ರಲ್ಲಿ ಹುಟ್ಟಿದ ಇನ್ನೊಬ್ಬ ಆಟಗಾರನಿದ್ದಾನೆ, ಆಸ್ಟನ್ ವಿಲ್ಲಾ ಮತ್ತು ಬರ್ನ್‌ಲಿಗೆ ಆಡಿದ ಆತ ಮಿಡ್‌ಫೀಲ್ಡರ್. ಹುಡುಕುವವರು ಇಬ್ಬರನ್ನೂ ಕಲಸಿಕೊಳ್ಳಬಾರದು.)

ಹೀಗೆ ಕೆಳಗಿಳಿಯುತ್ತ ಬಂದ ಒಬ್ಬ ಡಿಫೆಂಡರ್, ಎರಡು ತಿಂಗಳ ಹಿಂದಷ್ಟೇ ಹುಟ್ಟಿದ ಕ್ಲಬ್ಬನ್ನು ಕೈಗೆತ್ತಿಕೊಂಡು, 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಮೊದಲ ಪ್ರಯತ್ನದಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟುಹೋಗಲಿಲ್ಲ. ಆಡುವಾಗ ಯಾರ ಕಣ್ಣಿಗೂ ಬೀಳದ ಮನುಷ್ಯ ಆಡಿಸುವಾಗ ಏನನ್ನು ಕಾಣುತ್ತಾನೆ? ‘ಫುಟ್‌ಬಾಲ್ ಮ್ಯಾನೇಜರ್ 2024’ ಎಂಬ ಕಂಪ್ಯೂಟರ್ ಆಟವನ್ನು ನಾನು ಕೊಂಡದ್ದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ. ಹಾಗಾಗಿ ಈ ವಿಮರ್ಶೆಯಲ್ಲಿ ಗ್ರಾಫಿಕ್ಸ್ ಹೇಗಿದೆ, ಯಾವ ತಂತ್ರ ಹೂಡಿದರೆ ಗೆಲುವು ಸುಲಭ ಎಂಬಂಥ ವಿಚಾರಗಳಿಗೆ ಹೆಚ್ಚು ಜಾಗವಿಲ್ಲ. ಕೆಳ ದರ್ಜೆಯ ಆಟಗಾರ ಕೋಚ್ ಆಗುವ ದಾರಿಯನ್ನು ಈ ಆಟ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಷ್ಟೇ ನಾನು ಅಳೆಯಲು ಹೊರಟದ್ದು.

ಈ ಸರಣಿಯ ಪರಿಚಯವಿಲ್ಲದವರಿಗೆ ಎರಡು ಮಾತು. ಇಲ್ಲಿ ಚೆಂಡನ್ನು ನೀವು ಒದೆಯುವುದಿಲ್ಲ. ಆಟಗಾರರನ್ನು ಆರಿಸುವುದು, ಅಭ್ಯಾಸ ಮಾಡಿಸುವುದು, ಕೊಳ್ಳುವುದು, ಮಾರುವುದು, ವಿರಾಮದ ವೇಳೆ ಡ್ರೆಸ್ಸಿಂಗ್ ರೂಮಿನಲ್ಲಿ ಮಾತಾಡುವುದು, ಸೋತ ಮರುದಿನ ಆಡಳಿತ ಮಂಡಳಿಗೆ ಉತ್ತರ ಕೊಡುವುದು ನಿಮ್ಮ ಕೆಲಸ. ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕೊಲ್ಯರ್ ಎಂಬ ಸಹೋದರರು ಮನೆಯಲ್ಲೇ ಕುಳಿತು ಬರೆದು 1992ರಲ್ಲಿ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ ಹೊರತಂದ ಆಟವೇ ಇದರ ಬೇರು. ಪ್ರಕಾಶಕರಿಂದ ಬೇರ್ಪಟ್ಟ ಮೇಲೆ ಅವರ ಸಂಸ್ಥೆ ಸ್ಪೋರ್ಟ್ಸ್ ಇಂಟರ್‌ಆ್ಯಕ್ಟಿವ್ 2004ರಿಂದ ಸೆಗಾ ಕಂಪನಿಯ ಮೂಲಕ ಇದನ್ನು ‘ಫುಟ್‌ಬಾಲ್ ಮ್ಯಾನೇಜರ್’ ಎಂದು ಕರೆಯುತ್ತಿದೆ. ಪ್ರತಿ ಆಟಗಾರನ ಓಟ, ತಡೆ, ಏಕಾಗ್ರತೆ, ಧೈರ್ಯ, ತಂಡಪ್ರಜ್ಞೆಗಳಿಗೆ 1ರಿಂದ 20ರವರೆಗೆ ಅಂಕಗಳಿರುತ್ತವೆ, ಕೆಲವು ಗುಣಗಳು ನಮ್ಮ ಕಣ್ಣಿಗೆ ಕಾಣದಂತೆ ಮುಚ್ಚಿರುತ್ತವೆ. 2023ರ ನವೆಂಬರ್‌ನಲ್ಲಿ ಬಂದ ಈ 2024ರ ಆವೃತ್ತಿಯಲ್ಲಿ ಹಿಂದಿನ ವರ್ಷದ ಆವೃತ್ತಿಯಲ್ಲಿ ಆಡುತ್ತಿದ್ದ ವೃತ್ತಿಜೀವನವನ್ನೇ ತಂದು ಮುಂದುವರಿಸುವ ಸೌಲಭ್ಯ ಮೊದಲ ಬಾರಿಗೆ ಸಿಕ್ಕಿತು. ಒಂದು ಇಡೀ ಬದುಕನ್ನು ಆಡಬೇಕೆನ್ನುವವರಿಗೆ ಇದು ದೊಡ್ಡ ಉಪಕಾರ.

ಆಟ ಶುರುವಾಗುವುದು ನಿಮ್ಮ ಪೂರ್ವಾಪರವನ್ನು ಕೇಳುವುದರಿಂದ. ಭಾನುವಾರದ ಹವ್ಯಾಸಿ ಆಟಗಾರನಿಂದ ಹಿಡಿದು ಅಂತರರಾಷ್ಟ್ರೀಯ ಆಟಗಾರನವರೆಗೆ ಒಂದು ಪಟ್ಟಿ; ಅದರಲ್ಲಿ ಒಂದನ್ನು ಆರಿಸಬೇಕು. ಕೋಚಿಂಗ್ ಲೈಸೆನ್ಸ್ ಯಾವ ಮಟ್ಟದ್ದು ಎಂದು ಇನ್ನೊಂದು ಪಟ್ಟಿ. ನಾನು ಮಧ್ಯದಲ್ಲಿರುವ ಸಾಧಾರಣ ವೃತ್ತಿಪರ ಆಟಗಾರನ ಪೂರ್ವಾಪರವನ್ನೂ ಕೆಳಗಿನ ಲೈಸೆನ್ಸನ್ನೂ ಆರಿಸಿ, ಯಾವ ಕ್ಲಬ್ಬೂ ಇಲ್ಲದ ನಿರುದ್ಯೋಗಿಯಾಗಿ ಆರಂಭಿಸಿದೆ. ಮುಂದಿನ ಹಲವು ತಿಂಗಳು ಅರ್ಜಿ ಹಾಕುವುದೊಂದೇ ಕೆಲಸ. ಉತ್ತರ ಬರುತ್ತಿದ್ದದ್ದು ಇಂಗ್ಲೆಂಡಿನ ಆರನೆಯ ದರ್ಜೆಯ, ಅಂದರೆ ಈ ಆಟದಲ್ಲಿ ಅಲ್ಲಿ ಸಿಗುವ ಅತ್ಯಂತ ಕೆಳಗಿನ ದರ್ಜೆಯ, ಕ್ಲಬ್ಬುಗಳಿಂದ ಮಾತ್ರ. ಸಂದರ್ಶನದಲ್ಲಿ ವೇತನದ ಮಿತಿಯೊಳಗೆ ಇರುತ್ತೀರಾ, ಕಿರಿಯರಿಗೆ ಅವಕಾಶ ಕೊಡುತ್ತೀರಾ ಎಂದು ಕೇಳುತ್ತಾರೆ, ನಾವು ಆಸೆಯಿಂದ ಒಪ್ಪಿಕೊಂಡ ಪ್ರತಿಯೊಂದು ಮಾತನ್ನೂ ಮಂಡಳಿ ನೆನಪಿಟ್ಟುಕೊಂಡಿರುತ್ತದೆ. ಕಾಯುವಿಕೆಯ ಈ ಭಾಗ ಅನೇಕರಿಗೆ ಬೇಸರ ತರಬಹುದು. ಆದರೆ ಈ ಆಟದಲ್ಲಿ ನನಗೆ ಅತ್ಯಂತ ಸತ್ಯವೆನಿಸಿದ ಭಾಗಗಳಲ್ಲಿ ಇದೂ ಒಂದು. ಹೆಸರಾಂತ ಆಟಗಾರನಿಗೆ ನಿವೃತ್ತಿಯ ಮರುವರ್ಷವೇ ಯಾರಾದರೂ ಕರೆದು ಕುರ್ಚಿ ಕೊಡುತ್ತಾರೆ, ಕೆಳ ದರ್ಜೆಯವನಿಗೆ ಕುರ್ಚಿ ಸಿಗುವುದು ಬೇರೆ ಯಾರೂ ಕೂರಲು ಒಪ್ಪದಿದ್ದಾಗ.

ಎಡ್ಡಿ ಹೌ ಅವರಿಗೆ ಸಿಕ್ಕಿದ್ದು ಅಂಥದೇ ಕುರ್ಚಿ. ಬೋರ್ನ್‌ಮತ್ ಕ್ಲಬ್ಬಿನ ಡಿಫೆಂಡರ್ ಆಗಿದ್ದ ಅವರನ್ನು ಪೋರ್ಟ್ಸ್‌ಮತ್‌ನಿಂದ ಮರಳಿ ತರಲು 2004ರಲ್ಲಿ ಅಭಿಮಾನಿಗಳೇ ಹಣ ಕೂಡಿಸಿದ್ದರು. 2007ರಲ್ಲಿ ಮೊಣಕಾಲಿನ ಗಾಯ ಅವರ ಆಟವನ್ನು ನಿಲ್ಲಿಸಿತು. 2008ರ ಡಿಸೆಂಬರ್ 31ರಂದು, 31ನೆಯ ವಯಸ್ಸಿನಲ್ಲಿ, ಹಂಗಾಮಿಯಾಗಿ ಅವರ ಕೈಗೆ ಬಂದ ಕ್ಲಬ್ ಹಣಕಾಸಿನ ತೊಂದರೆಯಿಂದ 17 ಅಂಕ ಕಡಿತದೊಂದಿಗೆ ಆ ವರ್ಷವನ್ನು ಶುರುಮಾಡಿತ್ತು ಮತ್ತು ನಾಲ್ಕನೆಯ ದರ್ಜೆಯ ತಳದಲ್ಲಿ ಲೀಗ್‌ನಿಂದಲೇ ಹೊರಬೀಳುವ ಅಂಚಿನಲ್ಲಿತ್ತು. ಅದನ್ನು ಉಳಿಸಿ, 2010ರಲ್ಲಿ ಒಂದು ದರ್ಜೆ ಮೇಲಕ್ಕೇರಿಸಿ, ನಡುವೆ ಬರ್ನ್‌ಲಿಗೆ ಹೋಗಿ ಮರಳಿ ಬಂದು, 2015ರಲ್ಲಿ ಅದೇ ಕ್ಲಬ್ಬನ್ನು ಪ್ರೀಮಿಯರ್ ಲೀಗ್‌ಗೆ ಕರೆದೊಯ್ದರು. ಹತ್ತು ವರ್ಷದ ನಂತರ, 2025ರ ಮಾರ್ಚ್‌ನಲ್ಲಿ, ನ್ಯೂಕ್ಯಾಸಲ್ ಮ್ಯಾನೇಜರ್ ಆಗಿ ಲಿವರ್‌ಪೂಲ್ ವಿರುದ್ಧ 2–1ರಿಂದ ಲೀಗ್ ಕಪ್ ಗೆದ್ದರು. ಇಂಥ ಏರಿಕೆಯನ್ನು ಆಟದಲ್ಲಿ ಸಾಧಿಸಿದವರು ಸಾವಿರಾರು ಮಂದಿ ಇರಬಹುದು. ಆದರೆ ಅಂಕ ಕಡಿತದ ಕ್ಲಬ್ಬಿನಲ್ಲಿ ಮೊದಲ ಆರು ತಿಂಗಳು ಪ್ರತಿ ಶನಿವಾರ ಎದೆಯಲ್ಲಿ ಕುಳಿತುಕೊಳ್ಳುವ ಭಾರವನ್ನು ಈ ಆಟ ಒಂದಿಷ್ಟಾದರೂ ಅನುಭವಕ್ಕೆ ತರುತ್ತದೆ ಎಂಬುದನ್ನು ನಾನು ಆಡಿ ನೋಡಿ ಹೇಳುತ್ತಿದ್ದೇನೆ.

ಲೈಸೆನ್ಸಿನ ವಿಷಯದಲ್ಲಿ ಆಟ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಮುಂದಿನ ಹಂತದ ಕೋರ್ಸಿಗೆ ಹಣ ಕೊಡಿ ಎಂದು ಮಂಡಳಿಯನ್ನು ಕೇಳಬಹುದು. ಸಣ್ಣ ಕ್ಲಬ್ ಆಗಿದ್ದರೆ ಅವರು ನಿರಾಕರಿಸುವುದೂ ಉಂಟು, ಒಪ್ಪಿದರೆ ತಿಂಗಳುಗಳು ಕಳೆದ ಮೇಲೆ ಅರ್ಹತೆ ಕೈಸೇರುತ್ತದೆ. ಆದರೆ ಲೈಸೆನ್ಸ್ ಇಲ್ಲದೆ ದೊಡ್ಡ ತಂಡ ಹಿಡಿದರೂ ಇಲ್ಲಿ ದಂಡವಿಲ್ಲ. ನಿಜದಲ್ಲಿ ಹಾಗಲ್ಲ. ವೃತ್ತಿಪರ ಆಟಗಾರನೇ ಆಗದೆ, ವಿಡಿಯೊ ವಿಶ್ಲೇಷಕನಾಗಿ ಕೆಲಸ ಆರಂಭಿಸಿ, 2022ರಲ್ಲಿ 30ರ ಹರೆಯದಲ್ಲಿ ಫ್ರಾನ್ಸಿನ ರೇಮ್ಸ್ ತಂಡದ ಹೊಣೆ ಹೊತ್ತ ವಿಲ್ ಸ್ಟಿಲ್ ಅವರ ಬಳಿ ಅತ್ಯುನ್ನತ ಲೈಸೆನ್ಸ್ ಇಲ್ಲದ್ದರಿಂದ ಅವರ ಕ್ಲಬ್ ಪ್ರತಿ ಪಂದ್ಯಕ್ಕೂ 25,000 ಯೂರೊ ದಂಡ ತೆರಬೇಕಾಗಿತ್ತು. ಬಾಲ್ಯದಿಂದ ಇದೇ ಕಂಪ್ಯೂಟರ್ ಆಟವನ್ನು ಆಡಿ ಬೆಳೆದವರೆಂದು ಜಗತ್ತಿನ ಪತ್ರಿಕೆಗಳು ಅವರನ್ನು ಕುರಿತು ಬರೆದದ್ದು ನೆನಪಿದ್ದರೆ, ಈ ದಂಡದ ನಿಯಮ ಆಟದಲ್ಲಿ ಇಲ್ಲದಿರುವುದು ಇನ್ನಷ್ಟು ಎದ್ದು ಕಾಣುತ್ತದೆ. ಓದಿನ ಇನ್ನೊಂದು ಬಗೆಗಂತೂ ಇಲ್ಲಿ ಜಾಗವೇ ಇಲ್ಲ. ಯಾರ್ಕ್, ಮ್ಯಾಕಲ್ಸ್‌ಫೀಲ್ಡ್‌ನಂಥ ಕಡೆ ಆಡಿ ಮುಗಿಸಿದ ಗ್ರಹಾಂ ಪಾಟರ್, ಆಡುತ್ತಿರುವಾಗಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಸಮಾಜವಿಜ್ಞಾನ ಓದಿದವರು. 2011ರಲ್ಲಿ ಸ್ವೀಡನ್ನಿನ ನಾಲ್ಕನೆಯ ದರ್ಜೆಯ ಓಸ್ಟರ್‌ಸುಂಡ್‌ಗೆ ಹೋಗಿ, 2017ರಲ್ಲಿ ಆ ದೇಶದ ಕಪ್ ಗೆಲ್ಲಿಸಿ, ಮರುವರ್ಷ ಲಂಡನ್ನಿನಲ್ಲಿ ಆರ್ಸೆನಲ್ ತಂಡವನ್ನೇ 2–1ರಿಂದ ಸೋಲಿಸಿದರು. ತರಗತಿಯಲ್ಲಿ ಕಲಿತದ್ದು ಡ್ರೆಸ್ಸಿಂಗ್ ರೂಮಿನಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ತೋರಿಸುವ ಯಾವ ಪುಟವೂ ಈ ಆಟದಲ್ಲಿಲ್ಲ.

ಇನ್ನು ನಮ್ಮ ಊರಿನ ಮಾತು. ಭಾರತದ ಲೀಗ್‌ಗಳು ಈ ಆಟದಲ್ಲಿವೆ, ಬೆಂಗಳೂರು ಎಫ್‌ಸಿಯನ್ನು ಆರಿಸಿಕೊಳ್ಳಬಹುದು. ಮಲೇಷ್ಯಾ, ಹಾಂಗ್‌ಕಾಂಗ್ ಲೀಗ್‌ಗಳೂ ಇರುವುದರಿಂದ ವೆಸ್ಟ್‌ವುಡ್ ನಡೆದ ದಾರಿಯನ್ನೇ ಹೆಚ್ಚುಕಡಿಮೆ ನಡೆದು ನೋಡಲು ಸಾಧ್ಯ: ಅವರು 2016ರಲ್ಲಿ ಬೆಂಗಳೂರು ಬಿಟ್ಟ ಮೇಲೆ ಮಲೇಷ್ಯಾದ ಪೆನಾಂಗ್, ಕೋಲ್ಕತ್ತದ ಎಟಿಕೆ, ಪಂಜಾಬ್ ಎಂದು ತಿರುಗಿ, 2023ರಲ್ಲಿ ಅಫ್ಗಾನಿಸ್ತಾನ, 2024ರಲ್ಲಿ ಹಾಂಗ್‌ಕಾಂಗ್ ರಾಷ್ಟ್ರೀಯ ತಂಡಗಳ ಕೋಚ್ ಆದರು. ಬೆಂಗಳೂರನ್ನು ಆರಿಸಿ ಆಡುವಾಗ ನಾನು ಮೊದಲು ಕಲಿತದ್ದು, ವಿದೇಶಿ ಆಟಗಾರರ ಮಿತಿ ಇರುವಲ್ಲಿ ಆ ಕೆಲವೇ ಸ್ಥಾನಗಳನ್ನು ಯಾರಿಗೆ ಕೊಡಬೇಕೆಂಬುದೇ ಅರ್ಧ ಕೆಲಸ ಎಂಬುದನ್ನು. ಎಲ್ಲರಂತೆ ನಾನೂ ಗೋಲ್ ಹೊಡೆಯುವವರನ್ನು ತಂದೆ; ತಂಡ ಕೊನೆಯ ಹತ್ತು ನಿಮಿಷಗಳಲ್ಲಿ ಮತ್ತೆ ಮತ್ತೆ ಕುಸಿಯಿತು. ಆಗ ನೆನಪಾದದ್ದು 2013ರಲ್ಲಿ ವೆಸ್ಟ್‌ವುಡ್ ಮಾಡಿದ ಆಯ್ಕೆ. ಅವರು ತಂಡದ ಬೆನ್ನೆಲುಬಿಗೆ ತಂದದ್ದು ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಎಂಬ ಇಬ್ಬರು ಡಿಫೆಂಡರ್‌ಗಳನ್ನು. ಇಬ್ಬರೂ ಇಂಗ್ಲೆಂಡಿನ ಕೆಳ ದರ್ಜೆಗಳಲ್ಲಿ ಆಡಿದವರು. ಹೊರಗಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಆದರೆ ಕೆಸರಿನ ಮೈದಾನದಲ್ಲಿ, ಖಾಲಿ ಗ್ಯಾಲರಿಯ ಮುಂದೆ, ಮಂಗಳವಾರ ರಾತ್ರಿಯ ಪಂದ್ಯದಲ್ಲಿ ಯಾರು ಕೊನೆಯವರೆಗೆ ನಿಲ್ಲುತ್ತಾರೆ ಎಂಬುದು ಅದೇ ಮೈದಾನಗಳಲ್ಲಿ ಆಡಿದವನಿಗೆ ಗೊತ್ತಿರುತ್ತದೆ. ಕೆಳ ದರ್ಜೆಯ ಅನುಭವ ವೆಸ್ಟ್‌ವುಡ್‌ಗೆ ಕೊರತೆಯಾಗಿರಲಿಲ್ಲ, ಬಂಡವಾಳವಾಗಿತ್ತು ಎಂಬುದು ನನಗೆ ಮನವರಿಕೆಯಾದದ್ದು ಆಟದಲ್ಲಿ ಹಾಗೆ ಸೋತ ಮೇಲೆಯೇ.

ಅದೇ ಜಾನ್ಸನ್ 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೋಲ್ ಹೊಡೆದಾಗ ಎರಡನೆಯ ಬಾರಿ ಲೀಗ್ ನಮ್ಮದೇ ಎಂದು ನಾವೆಲ್ಲ ಎದ್ದು ನಿಂತಿದ್ದೆವು. ಗೆದ್ದರೆ ಪಟ್ಟ ನಮಗೆ, ಸಮವಾದರೆ ಬಾಗಾನ್‌ಗೆ. 87ನೆಯ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿತು, ಪಟ್ಟ ಕೋಲ್ಕತ್ತಕ್ಕೆ ಹೋಯಿತು. ಆ ದಿನ ಮುನ್ನಡೆಯನ್ನು ಕಾಯುವುದೋ ಇನ್ನೊಂದು ಗೋಲ್ ಅರಸುವುದೋ ಎಂಬ ನಿರ್ಧಾರ ಎಷ್ಟು ಕಠಿಣವಾಗಿತ್ತೆಂದು ಗ್ಯಾಲರಿಯಲ್ಲಿ ಕುಳಿತ ನಮಗೆ ಅರ್ಥವಾಗಿರಲಿಲ್ಲ. ಈ ಆಟದಲ್ಲಿ 80ನೆಯ ನಿಮಿಷಕ್ಕೆ 1–0 ಮುನ್ನಡೆಯಲ್ಲಿರುವಾಗ ಗಡಿಯಾರವನ್ನು ನಿಲ್ಲಿಸಿ, ದಣಿದ ವಿಂಗರ್‌ನನ್ನು ಇಳಿಸಿ ಡಿಫೆಂಡರ್‌ನನ್ನು ತರಬೇಕೇ ಬೇಡವೇ ಎಂದು ಯೋಚಿಸುತ್ತ ಕುಳಿತಾಗಲೆಲ್ಲ ಆ ಸಂಜೆ ಕಣ್ಣಮುಂದೆ ಬರುತ್ತದೆ. ವೆಸ್ಟ್‌ವುಡ್ ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಮೈದಾನದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2–0ರಿಂದ ಗೆದ್ದು ಲೀಗನ್ನು ಮರಳಿ ತಂದುಕೊಟ್ಟರು.

ಈ ಉತ್ಪನ್ನದ ಅತ್ಯಂತ ಶ್ರೀಮಂತ ಭಾಗ ಯಾವುದೆಂದು ಕೇಳಿದರೆ, ಜಾಹೀರಾತಿನಲ್ಲಿ ಕಾಣದ ಒಂದು ಸಣ್ಣ ಸಾಲನ್ನು ತೋರಿಸುತ್ತೇನೆ. ಮೂವತ್ತು ದಾಟಿದ ಆಟಗಾರನ ಪುಟದಲ್ಲಿ, ಆಡುವುದನ್ನು ನಿಲ್ಲಿಸಿದ ಮೇಲೆ ಆತ ಏನಾಗಬೇಕೆಂದಿದ್ದಾನೆ ಎಂಬ ವಿವರ ಇರುತ್ತದೆ. ಕೆಲವರಿಗೆ ಫುಟ್‌ಬಾಲ್ ಸಾಕಾಗಿರುತ್ತದೆ. ಕೆಲವರು ಕೋಚ್, ಸ್ಕೌಟ್ (ಹೊಸ ಆಟಗಾರರನ್ನು ಹುಡುಕುವವನು) ಅಥವಾ ಮ್ಯಾನೇಜರ್ ಆಗಲು ಬಯಸುತ್ತಾರೆ. ಆತನನ್ನು ಕರೆದು ಮಾತಾಡಬಹುದು, ಕೋಚಿಂಗ್ ಕಡೆಗೆ ಮನಸ್ಸು ಮಾಡು ಎನ್ನಬಹುದು, ಸಿಬ್ಬಂದಿಯಲ್ಲಿ ಜಾಗ ಕೊಡಬಹುದು. ನನ್ನ ಆರನೆಯ ದರ್ಜೆಯ ತಂಡದಲ್ಲಿ ಹಾಗೊಬ್ಬ ಡಿಫೆಂಡರ್ ಇದ್ದ. ಓಟದ ಅಂಕ ವರ್ಷವರ್ಷವೂ ಇಳಿಯುತ್ತಿತ್ತು, ಮುಂದಾಗುವುದನ್ನು ಊಹಿಸುವ ಅಂಕ ಮಾತ್ರ ಇಳಿಯಲಿಲ್ಲ. ಪಂದ್ಯದ ಚಿತ್ರಣದಲ್ಲಿ ಆತ ಎದುರಾಳಿಯ ಹಿಂದೆ ಓಡುತ್ತಿರಲಿಲ್ಲ. ಎದುರಾಳಿ ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದ. ತಂಡದ ಮುಖಂಡರ ಪಟ್ಟಿಯಲ್ಲಿ ಆತನ ಹೆಸರು ಮೇಲಿತ್ತು. ಅವನನ್ನು ಬೆಂಚಿಗೆ ಕೂರಿಸಿದ ವಾರ ಕಿರಿಯರ ಮನಸ್ಥಿತಿ ಕೆಟ್ಟಿತು. ವೇಗವಿಲ್ಲದವನು ಮೈದಾನವನ್ನು ಓದಲು ಕಲಿಯಲೇಬೇಕಾಗುತ್ತದೆ, ಹಾಗೆ ಓದಲು ಕಲಿತವನು ಇನ್ನೊಬ್ಬನಿಗೆ ಓದಿ ಹೇಳಬಲ್ಲ. ಹುಟ್ಟಿನಿಂದಲೇ ಕಾಲಿನಲ್ಲಿ ಮಾಯೆ ಇರುವವನಿಗೆ ತಾನು ಏನು ಮಾಡಿದೆನೆಂದು ವಿವರಿಸಬೇಕಾದ ಪ್ರಸಂಗವೇ ಬರುವುದಿಲ್ಲವಲ್ಲ. ಡಿಫೆಂಡರ್‌ಗಳಲ್ಲಿ, ಅದರಲ್ಲೂ ಕೆಳ ದರ್ಜೆಯವರಲ್ಲಿ, ಇಷ್ಟು ಮಂದಿ ಒಳ್ಳೆಯ ಕೋಚ್‌ಗಳು ಏಕೆ ಬರುತ್ತಾರೆಂಬ ನನ್ನ ಹಳೆಯ ಪ್ರಶ್ನೆಗೆ ಯಾವ ಲೇಖನವೂ ಕೊಡದ ಉತ್ತರ ನನಗೆ ಈ ಒಬ್ಬ ಕಲ್ಪಿತ ಆಟಗಾರನ ಅಂಕಪಟ್ಟಿಯಿಂದ ಸಿಕ್ಕಿತು.

ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಹದಿನೈದು ವರ್ಷ ಕೆಳ ದರ್ಜೆಯಲ್ಲಿ ಆಡಿದ ಬದುಕು ಇಲ್ಲಿ ಪಟ್ಟಿಯಿಂದ ಆರಿಸುವ ಒಂದು ಸಾಲು ಮಾತ್ರ. ಆ ಸಾಲು ನಿಮ್ಮ ಆರಂಭದ ಹೆಸರನ್ನೂ ಗುಣಾಂಕಗಳನ್ನೂ ನಿರ್ಧರಿಸುತ್ತದೆ, ಆಮೇಲೆ ಅದರ ಮಾತೇ ಇಲ್ಲ. ಯಾವ ಕೋಚ್‌ನ ಕೈಕೆಳಗೆ ಆಡಿದಿರಿ ಎಂದು ಯಾರೂ ಕೇಳುವುದಿಲ್ಲ. ವೆಸ್ಟ್‌ವುಡ್ ಕ್ರೂನಲ್ಲಿ ಆಡಿದ್ದು ಡಾರಿಯೊ ಗ್ರಾಡಿ ಎಂಬ, 1983ರಿಂದ ಒಂದೇ ಕ್ಲಬ್ಬಿನಲ್ಲಿ ನಿಂತು ಕಿರಿಯರನ್ನು ತಿದ್ದಿದ ಕೋಚ್ ಅಡಿಯಲ್ಲಿ. ಅಂಥ ಪಾಠದ ಋಣ ಆಟದ ಲೆಕ್ಕಕ್ಕೆ ಸಿಗುವುದಿಲ್ಲ. ಹಳೆಯ ಗಾಯದ ಮೊಣಕಾಲು ಇಲ್ಲಿ ನೋಯುವುದಿಲ್ಲ. ಮನೆ ಬದಲಿಸುವ, ಮಕ್ಕಳ ಶಾಲೆ ಬಿಡಿಸುವ, ಒಂದು ದೇಶದಿಂದ ಇನ್ನೊಂದಕ್ಕೆ ಒಂಟಿಯಾಗಿ ಹೋಗುವ ಸಂಕಟಗಳೂ ಇಲ್ಲ. ಬೆಂಗಳೂರಿನಿಂದ ಪೆನಾಂಗ್‌ಗೆ ಹೋಗಲು ಒಂದು ಗುಂಡಿ ಒತ್ತಿದರೆ ಸಾಕು. ಪತ್ರಿಕಾಗೋಷ್ಠಿಯ ಪ್ರಶ್ನೆಗಳು ಒಂದೆರಡು ಋತುಗಳಲ್ಲಿ ಬಾಯಿಪಾಠವಾಗುತ್ತವೆ, ಅವನ್ನು ಸಹಾಯಕನಿಗೆ ಒಪ್ಪಿಸುವುದು ಲೇಸು.

ಇನ್ನೊಂದು ಸಂಗತಿಯನ್ನು ಯಾವ ಲೆಕ್ಕಾಚಾರವೂ ಹಿಡಿಯಲಾರದು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಹಲವು ಪ್ರಮುಖ ಆಟಗಾರರು ಬಹಿಷ್ಕರಿಸಿದ್ದ ಅಫ್ಗಾನಿಸ್ತಾನ ತಂಡವನ್ನು ಕಟ್ಟಿಕೊಂಡು ವೆಸ್ಟ್‌ವುಡ್ ಭಾರತವನ್ನು 2–1ರಿಂದ ಸೋಲಿಸಿದರು. ಭಾರತದ ಏಕೈಕ ಗೋಲ್ ಹೊಡೆದದ್ದು, ತನ್ನ 150ನೆಯ ಅಂತರರಾಷ್ಟ್ರೀಯ ಪಂದ್ಯ ಆಡುತ್ತಿದ್ದ, ಬೆಂಗಳೂರಿನಲ್ಲಿ ಅವರ ನಾಯಕನಾಗಿದ್ದ ಅದೇ ಸುನಿಲ್ ಛೆಟ್ರಿ. 2025ರ ಜೂನ್‌ನಲ್ಲಿ ಹಾಂಗ್‌ಕಾಂಗ್ ತಂಡದೊಂದಿಗೆ ಭಾರತವನ್ನು ಅವರು ಮತ್ತೊಮ್ಮೆ, 1–0ರಿಂದ, ಸೋಲಿಸಿದರು. ಆ ಎರಡು ದಿನ ಭಾರತದವನಾಗಿ ನನಗೆ ಬಹಳ ನೋವಾಯಿತು. ಕಂಠೀರವದ ಗ್ಯಾಲರಿಯವನಾಗಿ ಆ ಮನುಷ್ಯನ ಬಗ್ಗೆ ಹೆಮ್ಮೆಯೂ ಎನಿಸಿತು. ಆಟದಲ್ಲಿ ಹಳೆಯ ಕ್ಲಬ್ಬಿನ ವಿರುದ್ಧ ಆಡುವಾಗ ಬರುವುದು ಒಂದು ಸಾಲಿನ ಸುದ್ದಿ ಮಾತ್ರ.

ಕೊಳ್ಳುವವರಿಗೆ ಉಪಯೋಗವಾಗುವ ಮಾತುಗಳನ್ನು ಚುಟುಕಾಗಿ ಹೇಳುತ್ತೇನೆ. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಇದು ನಡೆಯುತ್ತದೆ, ಆದರೆ ಏಕಕಾಲಕ್ಕೆ ಹೆಚ್ಚು ದೇಶಗಳ ಲೀಗ್‌ಗಳನ್ನು ಆರಿಸಿಕೊಂಡರೆ ಒಂದು ದಿನ ಮುಂದೆ ಸರಿಯಲು ಬಹಳ ಹೊತ್ತು ಕಾಯಬೇಕಾಗುತ್ತದೆ. ಭಾರತ, ಇಂಗ್ಲೆಂಡ್ ಮತ್ತು ನಿಮಗೆ ಬೇಕಾದ ಮತ್ತೊಂದೆರಡು ದೇಶ ಸಾಕು. ಕನ್ನಡದಲ್ಲಿ ಇಲ್ಲ, ಪುಟಗಟ್ಟಲೆ ಇಂಗ್ಲಿಷ್ ಓದುವ ತಾಳ್ಮೆ ಬೇಕು. ಮೊಬೈಲ್ ಆವೃತ್ತಿ ನೆಟ್‌ಫ್ಲಿಕ್ಸ್ ಚಂದಾದಾರರಿಗಾಗಿ ಬಂತು, ಅದು ಇದರ ಸಂಕ್ಷಿಪ್ತ ರೂಪ. ನಾನಿಲ್ಲಿ ಬರೆದಿರುವುದು ಕಂಪ್ಯೂಟರ್ ಆವೃತ್ತಿಯ ಬಗ್ಗೆ. 2025ರ ಆವೃತ್ತಿ ರದ್ದಾಗಿ, ಮಹಿಳಾ ಫುಟ್‌ಬಾಲ್ ಒಳಗೊಂಡ ಹೊಸ ಆವೃತ್ತಿ 2025ರ ನವೆಂಬರ್‌ನಲ್ಲಿ ಬಂದಿದೆ. ಹೊಸದನ್ನು ಬಯಸುವವರು ಅದನ್ನು ನೋಡಲಿ. ನನ್ನ ಹತ್ತಾರು ಋತುಗಳ ವೃತ್ತಿಜೀವನ ಇರುವುದು ಇದರಲ್ಲಾದ್ದರಿಂದ ನಾನು ಇಲ್ಲೇ ಇದ್ದೇನೆ. ಮೊದಲ ಬಾರಿ ಆಡುವವರು ದೊಡ್ಡ ಕ್ಲಬ್ಬನ್ನು ಆರಿಸದೆ, ಪೂರ್ವಾಪರದ ಪಟ್ಟಿಯಲ್ಲಿ ಕೆಳಗಿನ ಸಾಲನ್ನೇ ಒತ್ತಿ, ಕೆಲಸವಿಲ್ಲದೆ ಆರಂಭಿಸಿ ಎಂಬುದು ನನ್ನ ಶಿಫಾರಸು. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಹಿಡಿದಿಟ್ಟ ಒಂದು ನಕ್ಷತ್ರ ಆ ಪೂರ್ವಾಪರವನ್ನು ಒಂದೇ ಸಾಲಿಗೆ ಇಳಿಸಿದ್ದಕ್ಕಾಗಿ.

ನನ್ನ ತಂಡದ ಆ ಡಿಫೆಂಡರ್ 36ಕ್ಕೆ ನಿವೃತ್ತನಾದ. ಅವನ ಲೈಸೆನ್ಸ್ ಕೋರ್ಸಿಗೆ ಹಣ ಕೇಳಿದಾಗ ಮಂಡಳಿ ಎರಡು ಬಾರಿ ನಿರಾಕರಿಸಿ ಮೂರನೆಯ ಬಾರಿ ಒಪ್ಪಿತು. ಈಗ ಕಿರಿಯರ ತಂಡವನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ, ನಾನು ಬೇರೆ ಕ್ಲಬ್ಬಿಗೆ ಹೊರಟರೆ ಮೊದಲು ಕರೆಯುವುದು ಅವನನ್ನೇ.